ಹತ್ತು ಸಲ ಬರಿ ಅನ್ನೋ ಮುಂಚೆ

ಓದೋಕೆ ಬರೆಯೋಕೆ ಒದ್ದಾಡೋ ಮಕ್ಕಳ ಬಗ್ಗೆ ಏನಾದ್ರೂ ಕೇಳೋದಿದ್ರೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಒಂದು ಸಾಲು ಬರೆದಿದ್ದೆ ಅಷ್ಟೆ, ಮೇಲ್ ಬಾಕ್ಸು ತುಂಬಿ ಹೋಯ್ತು. ಕೆಲವ್ರು ವಾಯ್ಸ್ ಮೆಸೇಜು, ಒಬ್ರು ಇನ್‌ಲ್ಯಾಂಡ್ ಲೆಟರ್ರೇ ಕಳಿಸಿದಾರೆ, ನೋಡಿ ಖುಷಿ ಆಯ್ತು. ಎಲ್ಲದಕ್ಕೂ ಇಲ್ಲಿ ಜಾಗ ಇಲ್ಲ, ಆರು ಪತ್ರ ಆರಿಸಿಕೊಂಡಿದೀನಿ. ಮಕ್ಕಳ ಹೆಸರೆಲ್ಲಾ ತೆಗೆದಿದೀನಿ.

ಪ್ರಶ್ನೆ: ಮೇಡಂ, ನನ್ ಮಗ ಮೂರನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಮಾತಲ್ಲಿ ಯಾರಿಗೂ ಬಿಟ್ಟುಕೊಡಲ್ಲ, ಯಾವ ಮ್ಯಾಚಲ್ಲಿ ಯಾರು ಎಷ್ಟು ರನ್ ಹೊಡೆದ್ರು ಅಂತ ಬಾಯಿಪಾಠ ಒಪ್ಪಿಸ್ತಾನೆ, ಪುಸ್ತಕ ತೆಗಿ ಅಂದ್ರೆ ಮಾತ್ರ ಹೊಟ್ಟೆನೋವು ಶುರು. ಕನ್ನಡದಲ್ಲಿ 'ಹಾಲು' ಬರಿ ಅಂದ್ರೆ 'ಹಲು' ಅಂತ ಬರೀತಾನೆ, 'ಹಲ್ಲು' ಅಂದ್ರೂ 'ಹಲು'. ಇಂಗ್ಲಿಷ್ ಸ್ಪೆಲ್ಲಿಂಗ್ ಅಂತೂ ಕೇಳ್ಲೇಬೇಡಿ. ಟೀಚರು ಒಂದೊಂದು ತಪ್ಪಿಗೂ ಹತ್ತತ್ತು ಸಲ ಇಂಪೊಸಿಷನ್ ಕೊಡ್ತಾರೆ, ರಾತ್ರಿ ಹತ್ತು ಗಂಟೆ ತನಕ ಅಳ್ತಾ ಅಳ್ತಾ ಬರೀತಾನೆ, ಬೆಳಿಗ್ಗೆ ಎದ್ದು ಕೇಳಿದ್ರೆ ಮತ್ತೆ ಅದೇ ಹಲು. ಅವರಪ್ಪನೂ ಹಿಂಗೇ ಇದ್ದ, ದೊಡ್ಡೋನಾದ್ಮೇಲೆ ಸರಿ ಹೋದ ಬಿಡು ಅಂತಾರೆ ನಮ್ಮತ್ತೆ. ಇದು ಸೋಮಾರಿತನಾನಾ, ಇಲ್ಲಾ ಡಿಸ್ಲೆಕ್ಸಿಯಾನಾ?
— ಹೆಸರು ಬೇಡ, ದಾವಣಗೆರೆ

ಉತ್ತರ: ಅಮ್ಮಾ, ಒಂದ್ಸಲ ಅವನು ಇಂಪೊಸಿಷನ್ ಬರೆಯೋವಾಗ ಹಿಂದೆ ನಿಂತು ಸುಮ್ನೆ ನೋಡಿ. ನಾನು ಎಷ್ಟೋ ಮಕ್ಕಳಲ್ಲಿ ನೋಡಿದೀನಿ, ಮೊದಲು ಹ ಹ ಹ ಅಂತ ಮೇಲಿಂದ ಕೆಳಗೆ ಹತ್ತು ಸಲ ಬರೆದುಬಿಡ್ತವೆ, ಆಮೇಲೆ ಪಕ್ಕದಲ್ಲಿ ಲು ಲು ಲು ಅಂತ ಹತ್ತು, ಗಾರೆ ಕೆಲಸದವರು ಇಟ್ಟಿಗೆ ಜೋಡಿಸಿದ ಹಾಗೆ. ಅಲ್ಲಿ ಪದ ಎಲ್ಲಿ ಬಂತು ಹೇಳಿ? ಕೈಗೆ ವ್ಯಾಯಾಮ ಆಯ್ತು, ಅಷ್ಟೆ, ಆ ಪದ ತಲೆಗೆ ಒಂದ್ಸಲಾನೂ ಹೋಗ್ಲಿಲ್ಲ. ಅದಕ್ಕೇ ಬೆಳಿಗ್ಗೆ ಮತ್ತೆ ಹಲು.

ಸೋಮಾರಿತನ ಅಲ್ಲ ಅಂತ ನೀವೇ ಬರೆದಿದೀರಲ್ಲ, ಸೋಮಾರಿ ಹುಡುಗ ರಾತ್ರಿ ಹತ್ತು ಗಂಟೆ ತನಕ ಅಳ್ತಾ ಕೂತು ಬರೀತಾನಾ.

ಹಾಲು, ಹಲ್ಲು ಎರಡನ್ನೂ ಅವನು ಮಾತಲ್ಲಿ ಸರಿಯಾಗೇ ಹೇಳ್ತಾನೆ ಅಲ್ವಾ, ಅಮ್ಮ ಹಲ್ಲು ಕೊಡು ಅಂತ ಯಾವತ್ತೂ ಕೇಳಿರಲ್ಲ. ಅಂದ್ರೆ ಕಿವಿ ಸರಿ ಇದೆ, ಬಾಯಿ ಸರಿ ಇದೆ, ಅರ್ಥಾನೂ ಗೊತ್ತು. ತೊಡಕು ಇರೋದು ಆ ಪದಾನ ಒಳಗೊಳಗೇ ಬಿಡಿಸಿ ನೋಡೋದ್ರಲ್ಲಿ, ಎಲ್ಲಿ ಎಳೆದೆ, ಎಲ್ಲಿ ಒತ್ತಿದೆ, ಎಷ್ಟು ತುಂಡು ಇದೆ ಅಂತ. ನಮಗೆಲ್ಲ ಇದು ಯೋಚನೆನೇ ಇಲ್ದೆ ಆಗೋ ಕೆಲಸ, ಈ ಮಕ್ಕಳಿಗೆ ಆಗಲ್ಲ, ಹಂಗಾಗಿ ಯಾವ ಶಬ್ದಕ್ಕೆ ಯಾವ ಅಕ್ಷರ ಅನ್ನೋ ಗಂಟು ಗಟ್ಟಿಯಾಗಿ ಬೀಳೋದೇ ಇಲ್ಲ. ಡಿಸ್ಲೆಕ್ಸಿಯಾ ಅಂದ್ರೆ ಮುಖ್ಯವಾಗಿ ಇದೇ. ಬುದ್ಧಿ ಕಮ್ಮಿ ಅಂತಲೂ ಅಲ್ಲ, ಕಣ್ಣಿನ ದೋಷ ಅಂತಲೂ ಅಲ್ಲ.

ಇದು ಇವತ್ತಿನ ಮೊಬೈಲ್ ಕಾಲದ ಕಾಯಿಲೆ ಅನ್ನೋರು ಸಿಕ್ತಾರೆ, ಅವರಿಗೆ ಪರ್ಸಿ ಕಥೆ ಹೇಳಿ. 1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಅನ್ನೋ ಡಾಕ್ಟ್ರು ಅಲ್ಲಿನ ಮೆಡಿಕಲ್ ಜರ್ನಲ್‌ನಲ್ಲಿ 14 ವರ್ಷದ ಒಬ್ಬ ಹುಡುಗನ ಬಗ್ಗೆ ಬರೆದ್ರು. ಚುರುಕು ಹುಡುಗ, ಆಟದಲ್ಲೂ ಮುಂದೆ, ಓದು ಮಾತ್ರ ಬರಲ್ಲ, ತನ್ನ ಹೆಸರು ಪರ್ಸಿ ಅಂತ ಬರೆಯೋ ಬದ್ಲು ಪ್ರೆಸಿ ಅಂತ ಬರೆದು ಅದು ತಪ್ಪು ಅಂತಾನೂ ಗೊತ್ತಾಗ್ದೆ ಕೂತಿದ್ನಂತೆ. ಅವನ ಮೇಷ್ಟ್ರು ಏನು ಹೇಳಿದ್ರು ಅಂದ್ರೆ ಪಾಠ ಎಲ್ಲಾ ಬಾಯಲ್ಲೇ ನಡೆದಿದ್ರೆ ಇಡೀ ಸ್ಕೂಲಿಗೇ ಇವನೇ ಜಾಣ ಅಂತ. ನಿಮ್ಮ ಮಗನ ರನ್ ಲೆಕ್ಕ ಓದ್ತಿದ್ದಾಗ ನನಗೆ ನೆನಪಾಗಿದ್ದು ಇದೇ.

ನಮ್ಮಲ್ಲೂ ಪರ್ಸಿಗಳು ಇದಾರೆ, 'ಕ್ರಮ' ಬರಿ ಅಂದ್ರೆ 'ಕರ್ಮ' ಬರೀತಾರೆ. ಅರ್ಕಾವತ್ತನ್ನೇ ನೋಡಿ, ಬಾಯಲ್ಲಿ ಮೊದಲು ಬರೋ ರ ಬರವಣಿಗೇಲಿ ಆಮೇಲೆ ಬರುತ್ತೆ, ಮಗು ಎಡದಿಂದ ಬಲಕ್ಕೆ ಒಂದೊಂದೇ ಗುರುತು ಓದ್ತಾ ಹೋದ್ರೆ ಗ್ಯಾರಂಟಿ ತಪ್ಪು. 'ಮ'ಗೂ 'ವು'ಗೂ ಇರೋ ವ್ಯತ್ಯಾಸ ಎಷ್ಟು ಅಂತ ಒಂದ್ಸಲ ಪಕ್ಕಪಕ್ಕ ಬರೆದು ನೋಡ್ಕೊಳ್ಳಿ, 'ಮನೆ'ನ 'ವುನೆ' ಅಂತ ಓದಿದ ಹುಡುಗೀನ ನೋಡಿ ಕ್ಲಾಸೆಲ್ಲಾ ನಕ್ಕಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ, ಆ ಹುಡುಗಿ ಆಮೇಲೆ ಆ ವರ್ಷ ಎದ್ದು ನಿಂತು ಓದ್ಲೇ ಇಲ್ಲ. ದೀರ್ಘ ಬಿಡೋದು, ಒತ್ತು ಬಿಡೋದು, ಎ-ಏ, ಒ-ಓ ಗಲಿಬಿಲಿ, ಇವು ಮೂರನೇ ಕ್ಲಾಸು ಮುಗಿಯೋ ಹೊತ್ತಿಗೂ ಕಮ್ಮಿ ಆಗ್ದೇ ಹಂಗೇ ಇದ್ರೆ ಗಮನ ಕೊಡ್ಬೇಕು. ಆದ್ರೆ ಒಂದು ಮಾತು, 'ಭಾರತ'ನ 'ಬಾರತ' ಅಂತ, 'ಹಾಸನ'ನ 'ಆಸನ' ಅಂತ ಬರೆದ ಮಾತ್ರಕ್ಕೆ ಹೆದರ್ಬೇಡಿ, ಮನೇಲಿ ಹೆಂಗೆ ಮಾತಾಡ್ತೀವೋ ಹಂಗೇ ಬರೀತಾವೆ ಮಕ್ಕಳು, ಅದು ತೊಂದರೆ ಅಲ್ಲ.

ಇನ್ನೊಂದು, ಕನ್ನಡ ಹೇಳಿದ ಹಾಗೇ ಬರೆಯೋ ಭಾಷೆ, ಹಂಗಾಗಿ ಡಿಸ್ಲೆಕ್ಸಿಯಾ ಇರೋ ಮಗು ಸ್ವಲ್ಪ ದೊಡ್ಡದಾದ್ಮೇಲೆ ಕನ್ನಡದಲ್ಲಿ ತಪ್ಪು ಓದೋದಕ್ಕಿಂತ ನಿಧಾನ ಓದುತ್ತೆ. ಕಾ... ಗೆ... ಕೊಂ... ಅಂತ ಒಂದೊಂದು ಅಕ್ಷರಕ್ಕೂ ಉಸಿರು ತಗೊಂಡು, ಆಮೇಲೆ ಚಿತ್ರ ನೋಡಿ 'ಕಾಗೆ ಮರದ ಮೇಲೆ' ಅಂದುಬಿಡುತ್ತೆ, ಪುಸ್ತಕದಲ್ಲಿ ಇದ್ದಿದ್ದು ಕೊಂಬೆ. ಇಂಗ್ಲಿಷಲ್ಲಿ ಆ ಆಸರೆನೂ ಇಲ್ಲ, ಒಂದೇ ಅಕ್ಷರಕ್ಕೆ ನಾಲ್ಕು ಶಬ್ದ, ಅಲ್ಲಿ ಪೂರ್ತಿ ಊಹೆ. ಎರಡೂ ಭಾಷೇಲಿ ತೊಂದರೆ ಇದ್ರೆ ಅನುಮಾನ ಗಟ್ಟಿ, ಕನ್ನಡ ಸರಾಗ ಓದಿ ಬರೀ ಇಂಗ್ಲಿಷಲ್ಲಿ ಹಿಂದೆ ಇದ್ರೆ ಕಲಿಸಿದ ರೀತಿನೇ ಮೊದಲು ನೋಡ್ಬೇಕು.

ನಿಮ್ಮತ್ತೆ ಹೇಳಿದ ಮಾತು ಇಡೀ ಪತ್ರದಲ್ಲೇ ದೊಡ್ಡ ಸುಳಿವು. ಇದು ಮನೆತನದಲ್ಲಿ ಹರಿದು ಬರೋ ವಿಷ್ಯ. 'ಸರಿ ಹೋದ' ಅಂತಾರಲ್ಲ, ನಿಮ್ಮೆಜಮಾನ್ರು ಬ್ಯಾಂಕಲ್ಲಿ ಫಾರಂ ಅವರೇ ತುಂಬ್ತಾರಾ ಇಲ್ಲಾ ನಿಮ್ಮ ಕೈಗೆ ಕೊಡ್ತಾರಾ, ಪೇಪರು ಓದ್ತಾರಾ ಇಲ್ಲಾ ಬರೀ ಟಿವಿ ನ್ಯೂಸಾ, ಸ್ವಲ್ಪ ನೋಡಿ. ಅವರ ಮೇಲೆ ತಪ್ಪು ಹೊರಿಸೋಕಲ್ಲ, ಒಂದಿನ ಮಗನ ಪಕ್ಕ ಕೂತು ನಂಗೂ ಹಿಂಗೇ ಆಗ್ತಿತ್ತು ಕಣೋ ಅಂದ್ರೆ ಸಾಕು, ನಾನು ಹೇಳೋ ಹತ್ತು ಮಾತಿಗಿಂತ ಅದು ಹೆಚ್ಚು ನಾಟುತ್ತೆ.

ಮನೇಲಿ ಏನು ಮಾಡ್ಬಹುದು ಅಂದ್ರೆ ದಿನಾ ಹದಿನೈದು ನಿಮಿಷ, ಜಾಸ್ತಿ ಬೇಡ. ಮೊದಲ ಐದು ನಿಮಿಷ ಪೆನ್ನು ಪೇಪರ್ ಏನೂ ಇಲ್ಲ, ಬರೀ ಕಿವಿ. ಹಾಲು ಅನ್ನಿ, ಹಾ ಅನ್ನೋವಾಗ ಕೈ ಚಾಚಿ ರಬ್ಬರ್ ಎಳೆದ ಹಾಗೆ ಎಳೀಲಿ, ಹಲ್ಲು ಅನ್ನೋವಾಗ ಮುಷ್ಟಿ ಒತ್ತಲಿ. ಕಾಲು, ಕಲ್ಲು. ಬಾಳೆ, ಬಳೆ. ಮನೆ, ಮೊನ್ನೆ. ನಾವು ಚಿಕ್ಕೋರಿದ್ದಾಗ ದೊಡ್ಡೋರಿಗೆ ಗೊತ್ತಾಗ್ಬಾರ್ದು ಅಂತ ಪ್ರತಿ ಅಕ್ಷರಕ್ಕೂ 'ಕ' ಸೇರಿಸಿ ಕನೀಕನು ಕಬಾ ಅಂತ ಮಾತಾಡ್ತಿದ್ವಲ್ಲ, ಆ ಕ-ಭಾಷೆ ಕಲಿಸಿಕೊಡಿ, ಪದಾನ ತುಂಡು ಮಾಡೋಕೆ ಇದಕ್ಕಿಂತ ಒಳ್ಳೆ ಆಟ ಯಾವ ಕಿಟ್‌ನಲ್ಲೂ ಬರಲ್ಲ. ಆಮೇಲೆ ಒಂದು ತಟ್ಟೇಲಿ ರವೆ ಹರಡಿ, ದಿನಕ್ಕೆ ಒಂದೇ ಜೋಡಿ, ಬೆರಳಲ್ಲಿ ತಿದ್ದುತ್ತಾ ಬಾಯಲ್ಲೂ ಜೋರಾಗಿ ಹೇಳ್ಬೇಕು, ಬಾಯಿ ಬೆರಳು ಕಣ್ಣು ಕಿವಿ ನಾಲ್ಕೂ ಒಟ್ಟಿಗೆ. ಅಮೆರಿಕದಲ್ಲಿ 1930ರ ದಶಕದಲ್ಲಿ ಆರ್ಟನ್ ಅನ್ನೋ ಡಾಕ್ಟ್ರು, ಗಿಲ್ಲಿಂಗ್‌ಹ್ಯಾಮ್ ಅನ್ನೋ ಟೀಚರು ಸೇರಿ ಶುರು ಮಾಡಿದ ಪದ್ಧತಿ ಇದೇ ದಾರಿದು, ಇವತ್ತಿಗೂ ಸ್ಪೆಷಲ್ ಎಜುಕೇಟರ್‌ಗಳು ಅದನ್ನೇ ಅವರವರ ಭಾಷೆಗೆ ಹೊಂದಿಸ್ಕೊಂಡು ಕಲಿಸ್ತಾರೆ. ನಮ್ಮ ಕೂಲಿಮಠದಲ್ಲಿ ಮರಳಿನ ಮೇಲೆ ಹೇಳ್ತಾ ಹೇಳ್ತಾ ತಿದ್ದಿಸ್ತಿದ್ದಿದ್ದೂ ಇದೇ ಅಲ್ವಾ (ಬೆತ್ತ ಒಂದು ಬಿಟ್ಟು).

ಉಳಿದ ಐದು ನಿಮಿಷ ನೀವೂ ಅವನೂ ಒಟ್ಟಿಗೆ ಓದಿ, ನಿಮ್ಮ ದನಿ ಸ್ವಲ್ಪ ಮುಂದೆ ಇರ್ಲಿ, ತಡವರಿಸಿದ ಕಡೆ ನೀವೇ ಹೇಳಿ ಮುಂದೆ ಹೋಗಿ, 'ಇನ್ನೊಂದ್ಸಲ ನೋಡು, ನಿನ್ನೆ ತಾನೆ ಹೇಳಿದ್ದೆ' ಅನ್ನೋದು ಬೇಡ. ಸೈನ್ಸು ಸೋಶಿಯಲ್ಲು ಪಾಠ ನೀವು ಓದಿ ಹೇಳಿ, ಅವನು ಬಾಯಲ್ಲಿ ಉತ್ತರ ಕೊಡ್ಲಿ, ಅಕ್ಷರ ತಡವಾಯ್ತು ಅಂತ ತಿಳಿವಳಿಕೆನೂ ಯಾಕೆ ತಡ ಆಗ್ಬೇಕು.

ಪರೀಕ್ಷೆ ಮಾಡ್ಸಿ. ಮೊದಲು ಕಿವಿ, ಕಣ್ಣು ಎರಡೂ ಚೆಕ್ ಮಾಡಿಸ್ಕೊಳ್ಳಿ. ಆಮೇಲೆ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ರ ಅಸೆಸ್‌ಮೆಂಟ್. ನಿಮ್ಮ ಜಿಲ್ಲಾಸ್ಪತ್ರೇಲಿ ಮಕ್ಕಳ ಬೆಳವಣಿಗೆ ತೊಂದರೆ ನೋಡೋ ಡಿಇಐಸಿ ಘಟಕದಲ್ಲಿ ಮೊದಲು ಕೇಳಿ, ಇಲ್ಲಾಂದ್ರೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಮಾನಸಗಂಗೋತ್ರೀಲಿರೋ ವಾಕ್ ಶ್ರವಣ ಸಂಸ್ಥೆ. ಕಲಿಕಾ ನ್ಯೂನತೆ ಇದೆ ಅಂತ ಕೊಡೋ ಸರ್ಟಿಫಿಕೇಟಿಗೆ ದೇಶದಲ್ಲಿ ಹೆಚ್ಚಾಗಿ ಬಳಸೋ ಟೆಸ್ಟು ನಿಮ್ಹಾನ್ಸಲ್ಲೇ ತಯಾರಾಗಿದ್ದು.

ಟೀಚರ್ ವಿಷ್ಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನು ಹೊಡೆಯೋದನ್ನ ಮಾತ್ರ ಅಲ್ಲ, ಮಾನಸಿಕ ಹಿಂಸೆನೂ ಮಾಡಬಾರದು ಅನ್ನುತ್ತೆ. ಆದ್ರೆ ಅದನ್ನ ಕೈಲಿ ಹಿಡ್ಕೊಂಡು ಜಗಳಕ್ಕೆ ಹೋಗ್ಬೇಡಿ, ವರ್ಷಪೂರ್ತಿ ಮಗು ಅಲ್ಲೇ ಕೂರಬೇಕು. ಹಲು ಬರೆದಿರೋ ಆ ಇಂಪೊಸಿಷನ್ ಪುಸ್ತಕಾನೇ ತಗೊಂಡೋಗಿ ತೋರ್ಸಿ, ಹತ್ತು ಸಲ ಬರೆಯೋ ಬದ್ಲು ನಾಳೆಯಿಂದ ಹತ್ತು ಪದ ಬಾಯಲ್ಲಿ ಬಿಡಿಸಿ ಹೇಳ್ತಾನೆ, ಒಂದು ತಿಂಗಳು ಟೈಂ ಕೊಡಿ ಮಿಸ್ ಅಂತ ಕೇಳಿ. ಬಹಳಷ್ಟು ಟೀಚರ್‌ಗಳು ಒಪ್ತಾರೆ, ಅವರಿಗೂ ಅಷ್ಟು ಇಂಪೊಸಿಷನ್ ತಿದ್ದೋದು ಬೇಕಾಗಿಲ್ಲ.

ಪ್ರಶ್ನೆ: ನನ್ನ ಮೊಮ್ಮಗಳು ಎರಡನೇ ತರಗತಿ. ಇಂಗ್ಲಿಷಿನ ಬಿ ಮತ್ತು ಡಿ ಅಕ್ಷರಗಳನ್ನು ತಿರುಗಾಮುರುಗಾ ಬರೆಯುತ್ತಾಳೆ. ಒಂದು ಸೆಂಟರಿನವರು ಬಣ್ಣದ ಕನ್ನಡಕ ಮತ್ತು ಕಣ್ಣಿನ ವ್ಯಾಯಾಮದ ಕೋರ್ಸು ಸೇರಿ 18,000 ರೂಪಾಯಿ ಹೇಳಿದ್ದಾರೆ. ಪೆನ್ಶನ್ ಹಣದಲ್ಲಿ ಕೊಡಲು ಸಿದ್ಧನಿದ್ದೇನೆ. ತಮ್ಮ ಸಲಹೆ?
— ನಿವೃತ್ತ ಅಂಚೆ ನೌಕರ, ಶಿವಮೊಗ್ಗ

ಉತ್ತರ: ಇನ್‌ಲ್ಯಾಂಡ್ ಲೆಟರ್ ನಿಮ್ದೇ ಅಂತ ಆಗ್ಲೇ ಗೊತ್ತಾಯ್ತು ರಾಯರೇ. ಕೊಡ್ಬೇಡಿ. ಅಮೆರಿಕದ ಮಕ್ಕಳ ತಜ್ಞರ ಸಂಘ, ಕಣ್ಣಿನ ತಜ್ಞರ ಸಂಘ ಎಲ್ಲಾ ಸೇರಿ 2009ರಲ್ಲೇ ಒಟ್ಟಿಗೆ ಹೇಳಿಕೆ ಕೊಟ್ಟಿದಾರೆ, ಬಣ್ಣದ ಗಾಜಿನಿಂದಾಗ್ಲಿ ಕಣ್ಣಿನ ವ್ಯಾಯಾಮದಿಂದಾಗ್ಲಿ ಡಿಸ್ಲೆಕ್ಸಿಯಾ ವಾಸಿ ಆಗುತ್ತೆ ಅನ್ನೋಕೆ ಆಧಾರ ಇಲ್ಲ ಅಂತ. ಅದೂ ಅಲ್ದೆ ಏಳು ವರ್ಷದ ತನಕ ಬಿ-ಡಿ ತಿರುಗಿಸಿ ಬರೆಯೋದು ಹೆಚ್ಚುಕಮ್ಮಿ ಎಲ್ಲಾ ಮಕ್ಕಳೂ ಮಾಡೋದೇ. ನೀವು ಅವಳಿಗೆ ವಾರಕ್ಕೊಂದು ಪೋಸ್ಟ್ ಕಾರ್ಡ್ ಬರೀರಿ, ಮೂರೇ ಸಾಲು, ದಪ್ಪ ಅಕ್ಷರ, ಅವಳಿಗೆ ಗೊತ್ತಿರೋ ಪದಗಳೇ ಇರ್ಲಿ. ತನ್ನ ಹೆಸರಿಗೆ ಪೋಸ್ಟ್ ಬಂತು ಅಂದ್ರೆ ಓದದೇ ಬಿಡಲ್ಲ. ಒಂದು ವರ್ಷ ನೋಡಿ, ಆಗ್ಲೂ ಓದೇ ಹಿಡೀಲಿಲ್ಲ ಅಂದ್ರೆ ಆ ದುಡ್ಡಲ್ಲಿ ಸರಿಯಾದ ಅಸೆಸ್‌ಮೆಂಟೂ ಆಗುತ್ತೆ, ಕೆಲವು ತಿಂಗಳು ಸ್ಪೆಷಲ್ ಎಜುಕೇಟರ್ ಫೀಸೂ ಆಗುತ್ತೆ.

ಪ್ರಶ್ನೆ: ಮೇಡಂ ನಮಸ್ಕಾರ. ಕೊಪ್ಪಳ ಜಿಲ್ಲಾದಾಗ ಸರಕಾರಿ ಸಾಲಿ ಮಾಸ್ತರ ಅದೀನಿ. ಐದನೇತ್ತದಾಗ 38 ಹುಡುಗೂರು, ಅದರಾಗ 11 ಮಂದಿಗೆ ಒತ್ತಕ್ಷರ ಓದಾಕ ಬರೂದಿಲ್ಲ. ಮೊನ್ನೆ ಟ್ರೇನಿಂಗ್‌ನ್ಯಾಗ ಡಿಸ್ಲೆಕ್ಸಿಯಾ ಬಗ್ಗೆ ಹೇಳಿದ್ರು, ಹಂಗಂದ್ರ 11 ಮಂದಿಗೂ ಅದಾ ಐತೇನು? ಕೆಲವು ಹುಡುಗೂರು ಅವ್ವ ಅಪ್ಪನ ಕೂಡ ಗುಳೆ ಹೋಗಿ ನಾಕ ತಿಂಗಳ ಬಿಟ್ಟು ಬರ್ತಾವ. ಹೆಂಗ ಗುರುತು ಹಿಡೀಬೇಕು, ಹೇಳ್ರಿ.

ಉತ್ತರ: ಸರ್, ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಒಂದು ನಮಸ್ಕಾರ. ಟ್ರೇನಿಂಗ್ ಮುಗಿಸ್ಕೊಂಡು ಬಂದ ಕೂಡ್ಲೆ ಕಂಡ ಮಕ್ಕಳಿಗೆಲ್ಲಾ ಲೇಬಲ್ ಹಚ್ಚೋರೇ ಜಾಸ್ತಿ.

11 ಮಕ್ಕಳಿಗೂ ಇರೋದು ಸಾಧ್ಯವೇ ಇಲ್ಲ ಅನ್ನಿ. ಮೊದಲ್ನೇದು, ಕನ್ನಡ ಅಕ್ಷರ ಕಲಿಯೋಕೆ ನಾವು ಅಂದ್ಕೊಂಡಿದ್ದಕ್ಕಿಂತ ಟೈಂ ಜಾಸ್ತಿ ಬೇಕು. ಇಂಗ್ಲಿಷಿಗೆ 26, ನಮಗೆ ವರ್ಣಮಾಲೆನೇ 49, ಅದರ ಮೇಲೆ ಕಾಗುಣಿತ ಅಂದ್ರೆ ನೂರಾರು, ಒತ್ತಕ್ಷರ ಸೇರಿದ್ರೆ ಲೆಕ್ಕ ಇಟ್ಟೋರಿಲ್ಲ. ಬೆಂಗಳೂರಿನಲ್ಲಿ ಕನ್ನಡ ಓದು ಕಲಿಯೋ ಮಕ್ಕಳ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿದ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ತೋರಿಸಿದ್ದು, ಇಂಗ್ಲಿಷ್ ಅಕ್ಷರಮಾಲೆ ಕಲಿಯೋ ವೇಗಕ್ಕೆ ಹೋಲಿಸಿದ್ರೆ ನಮ್ಮ ಅಕ್ಷರ ಕಲಿಕೆ ನಿಧಾನ, ಹಲವು ವರ್ಷ ಹಿಡಿಯುತ್ತೆ ಅಂತ. ಒಂದು, ಎರಡನೇ ಕ್ಲಾಸಿಗೇ ಎಲ್ಲಾ ಮುಗೀತು ಅಂತ ಸಿಲಬಸ್ಸು ಮುಂದೆ ಓಡುತ್ತೆ, ಮಗು ಹಿಂದೆ ಉಳಿಯುತ್ತೆ. ಇನ್ನು ವರ್ಷಕ್ಕೆ ನಾಲ್ಕು ತಿಂಗಳು ಗುಳೆ ಹೋಗೋ ಮಗುವಿಗೆ ಒತ್ತಕ್ಷರ ಬರ್ಲಿಲ್ಲ ಅಂದ್ರೆ ಆ ಮಗುವಿನ ಮೆದುಳಲ್ಲಿ ಏನೋ ವ್ಯತ್ಯಾಸ ಇದೆ ಅಂತ ಹುಡುಕೋದು ಅನ್ಯಾಯ.

ಗುರುತು ಹಿಡಿಯೋಕೆ ನನಗೆ ಗೊತ್ತಿರೋ ಒಳ್ಳೆ ದಾರಿ, ಮೊದಲು ಕಲಿಸಿ ಆಮೇಲೆ ನೋಡೋದು. ಆ ಹನ್ನೊಂದು ಮಂದೀನ ದಿನಾ 20 ನಿಮಿಷ ಬೇರೆ ಕೂರಿಸ್ಕೊಳ್ಳಿ, ಎರಡು ತಿಂಗಳು. ಐದನೇ ಕ್ಲಾಸಿನ ಪುಸ್ತಕ ಮುಟ್ಟಲೇಬೇಡಿ. ಸಣ್ಣ ಕ್ಲಾಸಿನ ಮಕ್ಕಳಿಗೆ ಕಲಿಸೋ ನಲಿಕಲಿ ಪದ್ಧತಿಯ ರ ಗ ಸ ದ ಅ ಇಂದಾನೇ ಶುರು ಮಾಡಿ, ನಾಚಿಕೆ ಬೇಡ. ಅ ಆ ಇ ಈ ಅಂತ ಸಾಲಾಗಿ ಬಾಯಿಪಾಠ ಮಾಡಿಸೋದಕ್ಕಿಂತ ಅದ್ರಲ್ಲಿರೋ ಲಾಭ ಏನು ಅಂದ್ರೆ ಐದೇ ಅಕ್ಷರಕ್ಕೆ ಸರ, ಅರಸ, ಅಗಸ, ಗರಗಸ ಎಲ್ಲಾ ಓದ್ಬಹುದು, ಮೊದಲ ವಾರವೇ ಮಗು 'ನಂಗೂ ಓದೋಕೆ ಬರುತ್ತೆ' ಅನ್ನುತ್ತೆ. ಒತ್ತಕ್ಷರ ಕಲಿಸುವಾಗ ಸಜಾತಿ ಒತ್ತು ಮೊದಲು, ಅಕ್ಕ ಅಪ್ಪ ಹಗ್ಗ ಬೆಲ್ಲ, ಅದು ಗಟ್ಟಿ ಆದ್ಮೇಲೆ ವಿಜಾತಿ, ಅರ್ಕಾವತ್ತು ಎಲ್ಲಕ್ಕಿಂತ ಕೊನೆಗೆ. ಪ್ರತಿ ಪದಾನೂ ಮೊದಲು ಬಾಯಲ್ಲಿ ಬಿಡಿಸಿ, ಆಮೇಲೆ ಹಲಗೆ ಮೇಲೆ.

ಎರಡು ತಿಂಗಳಲ್ಲಿ ಏನಾಗುತ್ತೆ ಅಂದ್ರೆ ಗುಳೆ ಹೋಗಿ ಬಂದ ಹುಡುಗರು ಸರಸರ ಅಂತ ಮೇಲೆ ಬರ್ತಾರೆ, ಏಳೆಂಟು ಮಂದಿ ದಾಟಿಬಿಡ್ತಾರೆ. ದಿನಾ ತಪ್ಪದೆ ಬಂದು ಕೂತು ಮನಸ್ಸಿಟ್ಟು ಕಲಿತು, ಆದ್ರೂ ನಿನ್ನೆ ಓದಿದ ಪದ ಇವತ್ತು ಹೊಸದು ಅನ್ನೋ ಹಾಗೆ ನೋಡೋ ಒಬ್ಬಿಬ್ರು ಉಳೀತಾರಲ್ಲ, ಅವರ ಮೇಲೆ ಕಣ್ಣಿಡಿ. ಇನ್ನೊಂದು ಸಣ್ಣ ಪರೀಕ್ಷೆ, ಒಂದು ಕಥೆ ನೀವು ಹೇಳಿ ಪ್ರಶ್ನೆ ಕೇಳಿ, ಇನ್ನೊಂದು ಅಷ್ಟೇ ಸುಲಭದ ಕಥೆ ಅವರೇ ಓದ್ಲಿ, ಆಮೇಲೆ ಪ್ರಶ್ನೆ ಕೇಳಿ. ಕೇಳಿದ ಕಥೆಗೆ ಟಪಟಪ ಉತ್ತರ ಕೊಟ್ಟು ಓದಿದ ಕಥೆಗೆ ಪಿಳಿಪಿಳಿ ಅಂದ್ರೆ ತೊಡಕು ಅಕ್ಷರದ್ದು. ಎರಡಕ್ಕೂ ಉತ್ತರ ಬರ್ಲಿಲ್ಲ ಅಂದ್ರೆ ಅದು ಬೇರೆ, ಮಾತಿನ ಅರ್ಥವೇ ಹಿಡೀತಿಲ್ಲವೇನೋ, ಕಿವಿ ಕೇಳಿಸ್ತಿಲ್ಲವೇನೋ, ಅಥವಾ ಮನೆ ಭಾಷೆ ಲಂಬಾಣಿನೋ ತೆಲುಗೋ ಉರ್ದುನೋ ಇದ್ದು ಕನ್ನಡವೇ ಹೊಸದೇನೋ, ಅದನ್ನ ಬಿಡಿಸಿ ನೋಡ್ಬೇಕು.

ಉಳಿದ ಆ ಒಬ್ಬಿಬ್ಬರ ಬಗ್ಗೆ ನಿಮ್ಮ ಬಿಆರ್‌ಸಿಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ವಿಶೇಷ ಅಗತ್ಯದ ಮಕ್ಕಳಿಗೆ ಅಂತ ಇರೋ ಬಿಐಇಆರ್‌ಟಿ ಟೀಚರಿಗೆ ಹೇಳಿ, ಮಕ್ಕಳ ಆರೋಗ್ಯ ತಪಾಸಣೆಗೆ ಸಾಲಿಗೆ ಬರೋ ಆರ್‌ಬಿಎಸ್‌ಕೆ ಡಾಕ್ಟರ್ ಟೀಮಿಗೂ ಹೆಸರು ಬರೆಸಿ. ಅವರು ತೂಕ, ಹಲ್ಲು, ಕಣ್ಣು ನೋಡಿ ಹೋಗ್ತಾರೆ ಅಂತ ನಾವು ಅಂದ್ಕೊಂಡಿರ್ತೀವಿ, ಅವರು ನೋಡಬೇಕಾದ ಪಟ್ಟಿಯಲ್ಲಿ ಕಲಿಕಾ ತೊಂದರೆನೂ ಇದೆ, ಕೇಳಿದ್ರೆ ಜಿಲ್ಲಾಸ್ಪತ್ರೆಗೆ ಬರೆದುಕೊಡ್ತಾರೆ. ಹುಡುಗೂರು ಊರಲ್ಲಿ ಇರೋ ಟೈಂ ನೋಡ್ಕೊಂಡು ಬರೆಸಿ ಅಷ್ಟೆ.

ಪ್ರಶ್ನೆ: ಮಗಳಿಗೆ ನಾಲ್ಕೂವರೆ ವರ್ಷ. ಮಾತು ತಡವಾಗಿ ಬಂತು. ಈಗ್ಲೂ 'ನಾನು ನಾಳೆ ಹೋಗಿದ್ದೆ', 'ಅಮ್ಮ ಅಜ್ಜಿ ಕೊಟ್ಟ' ಅಂತೆಲ್ಲಾ ಹೇಳ್ತಾಳೆ. ಬಜೆ ತೇಯ್ದು ನಾಲಗೆಗೆ ಹಚ್ಚಿ, ಮಾತು ತಾನಾಗೇ ಬರುತ್ತೆ ಅಂತಾರೆ ಊರಲ್ಲಿ. ಕಾಯ್ಬೇಕಾ?
— ಚಿಕ್ಕಮಗಳೂರು

ಉತ್ತರ: ಕಾಯ್ಬೇಡಿ, ಬಜೆನೂ ಬೇಡ. ನಾಲಗೆ ಸರಿಯಾಗೇ ಹೊರಳ್ತಾ ಇದೆ, ಯಾರು ಯಾರಿಗೆ ಯಾವಾಗ ಅನ್ನೋದನ್ನ ಪದದ ಕೊನೆಗೆ ಅಂಟಿಸೋದು ಅವಳಿಗೆ ಕಷ್ಟ ಆಗ್ತಿದೆ. ನಾಲ್ಕೂವರೆಗೂ ಹಿಂಗೇ ಇದ್ರೆ ಭಾಷಾ ಬೆಳವಣಿಗೆಯ ತೊಂದರೆ ಇರ್ಬಹುದು, 2017ರಿಂದೀಚೆಗೆ ಡಿಎಲ್‌ಡಿ ಅನ್ನೋ ಹೆಸರು ಬಳಕೇಲಿದೆ. ಇದು ಡಿಸ್ಲೆಕ್ಸಿಯಾಗಿಂತ ಬೇರೆ, ಆದ್ರೆ ಇಂಥ ಮಕ್ಕಳಲ್ಲಿ ಬಹಳ ಜನಕ್ಕೆ ಮುಂದೆ ಓದೂ ಕಷ್ಟ ಆಗುತ್ತೆ, ಅದಕ್ಕೇ ಈಗ್ಲೇ ಹಿಡೀಬೇಕು. ಮೊದಲು ಕಿವಿ ಪರೀಕ್ಷೆ, ಆಮೇಲೆ ಸ್ಪೀಚ್ ಥೆರಪಿಸ್ಟ್. ಮನೇಲಿ ತಿದ್ದೋಕೆ ಹೋಗಿ 'ಹಂಗಲ್ಲ, ಸರಿಯಾಗಿ ಹೇಳು' ಅನ್ಬೇಡಿ. 'ಓ ನಿನ್ನೆ ಹೋಗಿದ್ಯಾ? ಅಮ್ಮ ಅಜ್ಜಿಗೆ ಕೊಟ್ಲಾ?' ಅಂತ ಅವಳ ಮಾತನ್ನೇ ಸರಿ ಮಾಡಿ ವಾಪಸ್ ಕೊಡಿ, ದಿನಕ್ಕೆ ಐವತ್ತು ಸಲ ಆದ್ರೂ ಪರ್ವಾಗಿಲ್ಲ.

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿದೀವಿ. ಆರು ವರ್ಷದ ಮಗನಿಗೆ ಓದೋದು ಕಷ್ಟ. ಎರಡು ಭಾಷೆಯಿಂದ ಗೊಂದಲ ಆಗಿದೆ, ಮನೇಲಿ ಕನ್ನಡ ನಿಲ್ಲಿಸಿ ಅಂತ ಒಬ್ಬ ಪರಿಚಯದವರ ಸಲಹೆ. ನಿಲ್ಲಿಸಿ ಎರಡು ತಿಂಗಳಾಯ್ತು. ಈಗ ಊರಿಂದ ಅಜ್ಜಿ ಫೋನ್ ಮಾಡಿದ್ರೆ ಸುಮ್ನೆ ನಿಂತಿರ್ತಾನೆ.

ಉತ್ತರ: ಇವತ್ತು ಸಂಜೆನೇ ಮತ್ತೆ ಶುರು ಮಾಡಿ. ಎರಡು ಭಾಷೆ ಕೇಳಿಸ್ಕೊಂಡು ಬೆಳೆದ್ರೆ ಡಿಸ್ಲೆಕ್ಸಿಯಾ ಬರಲ್ಲ, ಒಂದನ್ನ ನಿಲ್ಲಿಸಿದ್ರೆ ಹೋಗೋದೂ ಇಲ್ಲ. ಇರೋ ತೊಂದರೆ ಹಂಗೇ ಇದ್ದು, ಜೊತೆಗೆ ಅಜ್ಜಿನೂ ಕೈ ತಪ್ಪಿ ಹೋಗ್ತಾರೆ. ಕಥೆ, ಒಗಟು, ಜೋಕು ಕನ್ನಡದಲ್ಲಿ ಧಾರಾಳವಾಗಿ ಇರ್ಲಿ, ಅವನ ಪದಸಂಪತ್ತು ಬೆಳೆಯೋದು ಅಲ್ಲೇ. ಕನ್ನಡ ಅಕ್ಷರ ಬರೆಸೋದಕ್ಕೆ ಮಾತ್ರ ಈಗ ಆತುರ ಬೇಡ, ಸ್ಕೂಲಲ್ಲಿ ಇಂಗ್ಲಿಷ್ ಓದು ಒಂದು ಹದಕ್ಕೆ ಬರ್ಲಿ. ಕನ್ನಡ ಕಥೆ ಪುಸ್ತಕ ಬೇಕಿದ್ರೆ ಬೆಂಗಳೂರಿನ ಪ್ರಥಮ್ ಬುಕ್ಸ್ ಅವರ ಸ್ಟೋರಿವೀವರ್‌ನಲ್ಲಿ ಫ್ರೀಯಾಗಿ ಸಿಗ್ತವೆ, ನಾಲ್ಕು ಲೆವೆಲ್ ಮಾಡಿದಾರೆ, ಒಂದನೇ ಲೆವೆಲ್ಲಿಂದು ತೆಗೆದು ವಿಡಿಯೋ ಕಾಲಲ್ಲಿ ಅಜ್ಜಿ ಕೈಲೇ ಓದಿಸಿ.

ಪ್ರಶ್ನೆ: ಮಿಸ್ ನಾನು ಟೆಂತ್. ಓದೋದು ತುಂಬಾ ಸ್ಲೋ, ಉತ್ತರ ಎಲ್ಲಾ ಗೊತ್ತಿರುತ್ತೆ, ಬರೆಯೋಷ್ಟರಲ್ಲಿ ಬೆಲ್ ಆಗುತ್ತೆ. ಏಯ್ತಲ್ಲಿದ್ದಾಗ ಟೆಸ್ಟ್ ಮಾಡಿಸಿ ಎಸ್‌ಎಲ್‌ಡಿ, ಅಂದ್ರೆ ಕಲಿಕಾ ನ್ಯೂನತೆ ಅಂದ್ರು, ಅಮ್ಮ ಸರ್ಟಿಫಿಕೇಟ್ ಬೇಡ ಅಂದ್ರು, ಮುಂದೆ ಗಂಡಿನ ಕಡೆಯವರು ಏನಂತಾರೆ ಅಂತ. ನನ್ನ ಫ್ರೆಂಡ್ಸ್ ಸಬ್‌ಸ್ಕ್ರೈಬ್ ತಗೊಂಡ್ರೆ ಕಾಪಿ ಹೊಡೆದ ಹಾಗೆ ಅಂತಾರೆ. ತಗೋಬೇಕಾ ಬೇಡ್ವಾ? ಇದನ್ನ ಮೊಬೈಲಲ್ಲಿ ಮಾತಾಡಿ ಟೈಪ್ ಮಾಡಿದೀನಿ ತಪ್ಪಿದ್ರೆ ಸಾರಿ.
— ಮಂಡ್ಯ ಜಿಲ್ಲೆ

ಉತ್ತರ: ಪುಟ್ಟಿ, ಒಂದೇ ತಪ್ಪಿದ್ದಿದ್ದು, ಸ್ಕ್ರೈಬ್ ಅನ್ನೋದನ್ನ ನಿನ್ನ ಮೊಬೈಲು ಸಬ್‌ಸ್ಕ್ರೈಬ್ ಮಾಡಿದೆ. ಯಾರಿಗೆ ಸಬ್‌ಸ್ಕ್ರೈಬ್ ಆಗ್ಬೇಕಪ್ಪಾ ಅಂತ ನಾನು ಎರಡು ನಿಮಿಷ ತಲೆ ಕೆರ್ಕೊಂಡೆ.

ಕಾಪಿ ಅಂದ್ರೆ ಇನ್ನೊಬ್ಬರ ಉತ್ತರ ನೀನು ಬರೆಯೋದು, ಇಲ್ಲಿ ನಿನ್ನ ಉತ್ತರ ಇನ್ನೊಬ್ರು ಬರೀತಾರೆ, ಅಷ್ಟೂ ಗೊತ್ತಾಗದ ಫ್ರೆಂಡ್ಸ್ ಮಾತು ಬಿಡು. ಬರೆಯೋಕೆ ಬರೋ ಹುಡುಗ ಹುಡುಗಿ ನಿನಗಿಂತ ಕೆಳಗಿನ ಕ್ಲಾಸಿನವರೇ ಆಗಿರ್ತಾರೆ, ಅವರಿಗೆ ಉತ್ತರ ಗೊತ್ತೂ ಇರಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರೋ 21ರಲ್ಲಿ ಕಲಿಕಾ ನ್ಯೂನತೆನೂ ಒಂದು, ಹಂಗಾಗಿ ಇದು ಯಾರೋ ಪಾಪ ಅಂತ ಕೊಡೋದಲ್ಲ, ನಿನಗೆ ಬರಬೇಕಾದ್ದು. ಲಿಖಿತ ಪರೀಕ್ಷೆಗೆ 2018ರಲ್ಲಿ ಬಂದ ಕೇಂದ್ರದ ಮಾರ್ಗಸೂಚೀಲಿ ಗಂಟೆಗೆ ಕಮ್ಮಿ ಅಂದ್ರೂ 20 ನಿಮಿಷ ಜಾಸ್ತಿ ಟೈಂ ಕೊಡ್ಬೇಕು ಅಂತಿದೆ, ಮೂರು ಗಂಟೆ ಪೇಪರಿಗೆ ಒಂದು ಗಂಟೆ ಆಯ್ತು ನೋಡು. ನಿನ್ನ ಸಮಸ್ಯೆ ಬೆಲ್ಲಿಂದೇ ಆದ್ರೆ ಸ್ಕ್ರೈಬ್ ಇಲ್ದೆ ಬರೀ ಎಕ್ಸ್‌ಟ್ರಾ ಟೈಂ ಸಾಕಾಗ್ಬಹುದು. ಸ್ಕ್ರೈಬ್ ಜೊತೆ ಬರೆಸೋದೂ ಒಂದು ಅಭ್ಯಾಸ, ಹೇಳೋ ಸ್ಪೀಡು, ಫುಲ್‌ಸ್ಟಾಪ್ ಹೇಳೋದು ಎಲ್ಲಾ ಇರುತ್ತೆ, ಪ್ರಿಪರೇಟರಿಗಿಂತ ಮುಂಚೆ ನಾಲ್ಕೈದು ಪೇಪರ್ ಮಾಡಿ ನೋಡದೆ ನೇರ ಹೋಗಿ ಕೂರಬೇಡ.

ಹಾ, ಸರ್ಟಿಫಿಕೇಟಲ್ಲಿ ನ್ಯೂನತೆಯ ಪರ್ಸೆಂಟೇಜ್ 40 ಇಲ್ಲಾಂದ್ರೆ ಏನೂ ಸಿಗಲ್ಲ ಅಂತ ಯಾರಾದ್ರೂ ಹೆದರಿಸಿದ್ರೆ, 2021ರ ಫೆಬ್ರವರೀಲಿ ವಿಕಾಶ್ ಕುಮಾರ್ ಅನ್ನೋರು ಯುಪಿಎಸ್‌ಸಿ ವಿರುದ್ಧ ಹಾಕಿದ್ದ ಕೇಸಲ್ಲಿ ಸುಪ್ರೀಂ ಕೋರ್ಟು ಏನು ಹೇಳ್ತು ಗೊತ್ತಾ, ಬರೆಯೋಕೆ ನಿಜವಾಗ್ಲೂ ತೊಂದರೆ ಇದ್ರೆ 40 ಇಲ್ದಿದ್ರೂ ಸ್ಕ್ರೈಬ್ ಕೊಡ್ಬೇಕು ಅಂತ. 40 ದಾಟಿದ್ರೆ ಅದು ಬೇರೆ ಲಾಭ, ಸರ್ಕಾರಿ ಕಾಲೇಜುಗಳಲ್ಲಿ ಡಿಗ್ರಿಗೆ ಸೇರೋವಾಗ ಅಂಗವಿಕಲರಿಗೆ ಅಂತ ಇಟ್ಟಿರೋ ಶೇಕಡಾ 5 ಸೀಟಿಗೂ ಅರ್ಜಿ ಹಾಕ್ಬಹುದು.

ಈಗ ನಿನ್ನಮ್ಮನಿಗೆ ಎರಡು ಮಾತು. ಅಕ್ಕಾ, ನಿಮ್ಮ ಭಯ ನಂಗೆ ಅರ್ಥ ಆಗುತ್ತೆ, ನಮ್ಮ ಕಡೆ ಸಂಬಂಧ ನೋಡೋಕೆ ಬಂದೋರು ಏನೇನು ಕೇಳ್ತಾರೆ ಅಂತ ನಂಗೂ ಗೊತ್ತು. ಆದ್ರೆ ಸರ್ಟಿಫಿಕೇಟು ನಿಮ್ಮ ಬೀರುವಲ್ಲಿರುತ್ತೆ, ಬಾಗಿಲ ಮೇಲೆ ತೋರಣ ಕಟ್ಟಬೇಕಾಗಿಲ್ಲ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಮಾತ್ರ ಎಲ್ಲರೂ ಕೇಳ್ತಾರೆ, ಕಾಲೇಜಿನವರೂ, ಕೆಲಸ ಕೊಡೋರೂ, ಗಂಡಿನ ಕಡೆಯವರೂ. ಏಯ್ತಲ್ಲಿ ಮಾಡಿಸಿದ ಆ ರಿಪೋರ್ಟು ಮನೇಲೇ ಇರ್ಬೇಕು, ಹುಡುಕಿ, ಅದನ್ನ ತಗೊಂಡು ಜಿಲ್ಲಾಸ್ಪತ್ರೇಲಿ ಯುಡಿಐಡಿ ಅನ್ನೋ ಅಂಗವಿಕಲರ ಗುರುತಿನ ಕಾರ್ಡಿಗೆ ಏನೇನು ಬೇಕು ಕೇಳಿ. 2018ರ ಕೇಂದ್ರದ ನಿಯಮದ ಪ್ರಕಾರ ಎಸ್‌ಎಲ್‌ಡಿ ಸರ್ಟಿಫಿಕೇಟು 8 ವರ್ಷ ಆದ್ಮೇಲೆ ಕೊಡ್ತಾರೆ, 14ಕ್ಕೆ, 18ಕ್ಕೆ ಮತ್ತೆ ಪರೀಕ್ಷೆ ಮಾಡ್ತಾರೆ, ಹಂಗಾಗಿ ಹಳೇ ರಿಪೋರ್ಟ್ ಸಾಲಲ್ಲ, ಹೊಸದಾಗಿ ಮಾಡಿಸಿ ಅನ್ನಬಹುದು, ಅದಕ್ಕೆ ವಾರಗಟ್ಟಲೆ ಓಡಾಟ ಹಿಡಿಯುತ್ತೆ.

ಪುಟ್ಟಿ, ನೀನು ನಾಳೆನೇ ಎಚ್‌ಎಂ ರೂಮಿಗೆ ಹೋಗಿ ಸ್ಕ್ರೈಬ್, ಎಕ್ಸ್‌ಟ್ರಾ ಟೈಂ, ಭಾಷಾ ವಿನಾಯಿತಿ ಮೂರರ ಬಗ್ಗೆನೂ ಕೇಳು, ಬೋರ್ಡಿಗೆ ಅರ್ಜಿ ಹೋಗೋದು ಸ್ಕೂಲಿಂದಾನೇ. ಎಕ್ಸಾಂ ಅರ್ಜಿ ತುಂಬೋ ಟೈಮಲ್ಲೇ ಇದನ್ನೂ ಸೇರಿಸಬೇಕು, ಹಾಲ್ ಟಿಕೆಟ್ ಬಂದ್ಮೇಲೆ ಹೋದ್ರೆ ಅಯ್ಯೋ ಮೊದಲೇ ಹೇಳ್ಬಾರ್ದಿತ್ತಾ ಅಂತಾರೆ. ಬಾಯಲ್ಲಿ ಹೇಳೋಕೆ ಹೆದರಿಕೆ ಆದ್ರೆ ನಂಗೆ ಕಳಿಸಿದ ಮೆಸೇಜನ್ನೇ ಪ್ರಿಂಟ್ ತೆಗೆದು ಕೊಡು. ಆ ಒಂದು ಪದ ತಿದ್ದಿಬಿಡು.